ಅಕ್ಕನಿಗೆ ಬಾರದ ಪದಗಳು

"ಇದು ಮಾನಿಟರ್. ಇದು ಕೀಬೋರ್ಡ್. ಇದು ಮೌಸ್. ನಗಬೇಡಿ."

ಆಸ್ಪತ್ರೆಯ ಮೂರನೆಯ ಮಹಡಿಯ ಮೂಲೆಕೋಣೆಯಲ್ಲಿ ಟೀಚರಮ್ಮ ಈ ಮಾತನ್ನು ಎಷ್ಟು ಸಲ ಹೇಳಿದ್ದಳೋ ಆ ದೇವರಿಗೇ ಗೊತ್ತು. ನಿಜ ಹೇಳಬೇಕೆಂದರೆ ಯಾರೂ ನಗುತ್ತಿರಲಿಲ್ಲ. ಮೊದಲ ತಂಡದವರು ನಕ್ಕಿದ್ದರು. ಅವತ್ತಿನಿಂದ "ನಗಬೇಡಿ" ಎನ್ನುವುದು ಅವಳ ಬಾಯಿಗೆ ಅಂಟಿಕೊಂಡಿತು, ಬಿಡಲೇ ಇಲ್ಲ. ಈಗಿನ ತಂಡಕ್ಕೆ ನಗುವ ತ್ರಾಣವಾದರೂ ಎಲ್ಲಿತ್ತು? ಬೆಳಗಿನ ಪಾಳಿ ಮುಗಿಸಿ, ಕಾಲೆಳೆದುಕೊಂಡು ಮೆಟ್ಟಿಲು ಹತ್ತಿ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಸಿದು ಕೂತವರು ಅವರು. ಒಬ್ಬರು ಆಕಳಿಸಿದರೆ ಆ ಆಕಳಿಕೆ ಸಾಲು ಹಿಡಿದು ಹೋಗಿ, ಕೊನೆಗೆ ಟೀಚರಮ್ಮನ ಬಾಯಿಗೇ ಬಂದು ನಿಲ್ಲುತ್ತಿತ್ತು.

ಕೋಣೆ ಮೊದಲು ಮುರಿದ ಮಂಚಗಳ ಉಗ್ರಾಣವಾಗಿತ್ತು. ಕಬ್ಬಿಣದ ಕಾಲುಗಳು ಇನ್ನೂ ಗೋಡೆಗೆ ಒರಗಿಕೊಂಡಿದ್ದವು. ಇದ್ದ ಮೂರು ಕಂಪ್ಯೂಟರುಗಳಲ್ಲಿ ಒಂದು ಕೆಲಸ ಮಾಡುತ್ತಿತ್ತು, ಇನ್ನೊಂದು ಮನಸ್ಸು ಬಂದಾಗ ಮಾಡುತ್ತಿತ್ತು, ಮತ್ತೊಂದು ಬೊಟ್ಟು ಮಾಡಿ ತೋರಿಸುವುದಕ್ಕಷ್ಟೇ ಇತ್ತು. ಕಲಿಸುತ್ತಿದ್ದುದೂ ಅಷ್ಟನ್ನೇ ಬಿಡಿ. ಯಂತ್ರ ನಡೆಸುವುದನ್ನಲ್ಲ, ಯಂತ್ರದ ಅಂಗಾಂಗಗಳ ಇಂಗ್ಲಿಷ್ ಹೆಸರುಗಳನ್ನು.

ಅದಕ್ಕೊಂದು ಕಾರಣವೂ ಇತ್ತು. ಆಸ್ಪತ್ರೆಯ ಕಂಪ್ಯೂಟರ್ ಮುನಿಸಿಕೊಂಡರೆ ದೂರದ ಯಾವುದೋ ಕಚೇರಿಗೆ ಫೋನು ಮಾಡಬೇಕು. ಅಲ್ಲಿನವರು "ಕರ್ಸರ್ ಎಲ್ಲಿದೆ?" ಎಂದು ಕೇಳುತ್ತಾರೆ. ಇಲ್ಲಿನವರು "ಸಣ್ಣ ಕಡ್ಡಿ ಮಿಣಮಿಣ ಅಂತಿದೆಯಲ್ಲ, ಅದಾ?" ಎನ್ನುತ್ತಾರೆ. "ಬ್ರೌಸರ್ ಕ್ಲೋಸ್ ಮಾಡಿ" ಎಂದರೆ ಗೋಡೆಯ ಸ್ವಿಚ್ಚನ್ನೇ ಆರಿಸಿ, ಮಾಡಿದೆವು ಎಂದು ಹೇಳಿ ಕೂರುತ್ತಾರೆ. ಆ ಕಚೇರಿಯವರು ತಲೆ ಚಿಟ್ಟು ಹಿಡಿದು ದೂರು ಕೊಟ್ಟರು. ಮೇಲಿನಿಂದ ಆದೇಶ ಬಂತು: ಕಂಪ್ಯೂಟರ್ ಮುಟ್ಟುವವರೆಲ್ಲ ಈ ಪದಗಳನ್ನು ಕಲಿತು ಬಾಯಿಪರೀಕ್ಷೆಯಲ್ಲಿ ಪಾಸಾಗಬೇಕು. ಫೇಲಾದವರ ಲಾಗಿನ್ ಬಂದ್. ಯಂತ್ರದೊಳಕ್ಕೆ ಅವರಿಗೆ ಪ್ರವೇಶವಿಲ್ಲ. ಅಂಥವರು ನೆಲಮಾಳಿಗೆಯ ಬಟ್ಟೆಕೋಣೆಗೆ ಹೋಗಿ ಹಾಸಿಗೆಯ ಚಾದರ ಮಡಚುತ್ತ ಕೂರಬೇಕು.

"ಅಲ್ಲ ಮೇಡಂ, ನಾನು ಆಂಬುಲೆನ್ಸ್ ಓಡಿಸೋನು," ಎಂದು ಮುಂದಿನ ಸಾಲಿನ ಡ್ರೈವರ್ ದಿನಾ ಒಂದು ಸಲ ರಾಗ ತೆಗೆಯುತ್ತಿದ್ದ. "ಹೋಗಿದ್ದು ಬಂದಿದ್ದು ಬರೆಯೋಕೆ ಒಂದು ಬಟನ್ ಒತ್ತಬೇಕು, ಅಷ್ಟೇ. ನನಗ್ಯಾಕೆ ಈ ಹಾರ್ಡ್‌ವೇರು ಸಾಫ್ಟ್‌ವೇರು?"

"ನನಗ್ಯಾಕೆ ಅಂತ ನನ್ನನ್ನ ಕೇಳಿದ್ರೆ? ನಾನೇನು ಆದೇಶ ಹೊರಡಿಸಿದೀನಾ? ಹೇಳಿ, ಕೈಗೆ ಸಿಗೋದು ಹಾರ್ಡ್‌ವೇರ್."

"ಕೈಗೆ ಸಿಗದೇ ಇರೋದು ಸಂಬಳ," ಎನ್ನುತ್ತಿದ್ದ ಅವನು. ಆಗಷ್ಟೇ ಸಾಲಿನಲ್ಲಿ ಒಂದಿಷ್ಟು ಜೀವ ಬರುತ್ತಿತ್ತು.

ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ, ಟೀಚರಮ್ಮನ ಸ್ವಂತ ಅಕ್ಕ ಕೂರುತ್ತಿದ್ದಳು. ಔಷಧಿ ಕೌಂಟರಿನವಳು. ಕಂಪ್ಯೂಟರ್ ಬರುವ ಮೊದಲಿನಿಂದಲೂ ಆ ಗಾಜಿನ ಕಿಂಡಿಯ ಹಿಂದೆ ಅವಳೇ. ಅವಳು ಒಂದು ದಿನ ರಜೆ ಹಾಕಿದರೆ ಸಾಲು ಗೇಟಿನವರೆಗೂ ಬೆಳೆದು, ಸೂಪರಿಂಟೆಂಡೆಂಟ್ ಸಾಹೇಬರೇ ಕೆಳಗಿಳಿದು ಬಂದು ಕೈಕೈ ಹಿಸುಕಿಕೊಳ್ಳುತ್ತಿದ್ದರು. ಕೆಲಸದಲ್ಲಿ ಅಷ್ಟು ಚುರುಕಾದ ಹೆಂಗಸು ಕ್ಲಾಸಿನಲ್ಲಿ ಮಾತ್ರ ಮಂಕಾಗಿಬಿಡುತ್ತಿದ್ದಳು. ಏನು ಕೇಳಿದರೂ ತಪ್ಪು ಉತ್ತರ. ಇಲ್ಲವೆಂದರೆ ಒಂದು ಪೆಚ್ಚುನಗೆ.

ಸೂಪರಿಂಟೆಂಡೆಂಟರು ಆ ವಾರ ಟೀಚರಮ್ಮನನ್ನು ಕರೆಸಿ ನೇರವಾಗಿಯೇ ಹೇಳಿದ್ದರು. "ನಿಮ್ಮ ಕಾಂಟ್ರಾಕ್ಟ್ ಮುಂದುವರಿಸಬೇಕಾ ಬೇಡವಾ ಅಂತ ಮೇಲಿನವರು ಕೇಳ್ತಿದಾರೆ. ಬೇರೆಯವರ ವಿಷಯ ಬಿಡಿ. ನಿಮ್ಮ ಮನೆಯವರೇ ಫೇಲಾದ್ರೆ ನಾನು ಯಾವ ಮುಖ ಇಟ್ಕೊಂಡು ನಿಮ್ಮ ಪರ ಬರೀಲಿ?"

ಟೀಚರಮ್ಮ ತಲೆಯಾಡಿಸಿ ಬಂದಿದ್ದಳು. ಈ ವಿಷಯವನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಹೆದರಿ ಇದ್ದಬದ್ದದ್ದನ್ನೂ ಮರೆತುಬಿಟ್ಟಾಳು ಎಂಬ ಚಿಂತೆ ಒಂದು ಕಡೆ. ನಲವತ್ತೈದು ದಾಟಿದ ಮೇಲೂ ತನ್ನ ಕೆಲಸ ಇಷ್ಟು ತೆಳ್ಳಗಿನ ದಾರದಲ್ಲಿ ನೇತಾಡುತ್ತಿದೆ ಎಂದು ಒಪ್ಪಿಕೊಳ್ಳುವ ಸಂಕಟ ಇನ್ನೊಂದು ಕಡೆ.

ಇಬ್ಬರೂ ಒಂದೇ ಮನೆಯಲ್ಲಿದ್ದರು. ಅಕ್ಕನ ಗಂಡ ತೀರಿಕೊಂಡಿದ್ದ. ತಂಗಿಯ ಗಂಡ ಬದುಕಿದ್ದ, ಆದರೆ ಬೇರೆಲ್ಲೋ ಬದುಕಿದ್ದ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಮೊಣಕೈಯಗಲದ ಒಂದು ಬಾಲ್ಕನಿ. ಸಂಜೆ ಅಕ್ಕ ತರಕಾರಿ ಹೆಚ್ಚುತ್ತಾಳೆ, ತಂಗಿ ಎದುರಿಗೆ ಮಣೆ ಹಾಕಿಕೊಂಡು ಕೂತು ಪಾಠ ಒಪ್ಪಿಸಿಕೊಳ್ಳುತ್ತಾಳೆ.

"ಬರೆದಿದ್ದನ್ನ ಕಂಪ್ಯೂಟರಲ್ಲಿ ಇಟ್ಕೊಳ್ಳೋಕೆ ಏನು ಮಾಡ್ತೀವಿ?"

"ಒತ್ತುತೀವಿ."

"ಏನನ್ನ ಒತ್ತುತೀವಿ ಅಕ್ಕಾ? ಸೇವ್. ಸೇವ್ ಮಾಡ್ತೀವಿ. ಇಟ್ಟಿದ್ದನ್ನೆಲ್ಲ ಒಂದು ಕಡೆ ಸೇರಿಸಿಡೋಕೆ?"

"ಅದೇ, ಆ ಹಳದಿ ಚೀಲ."

"ಫೋಲ್ಡರ್ ಕಣೇ! ಅಯ್ಯೋ ದೇವರೇ, ಫೋಲ್ಡರ್! ದಿನಾ ಬೆಳಗಾದ್ರೆ ಅದರ ಮುಂದೆನೇ ಕೂತಿರ್ತೀಯ. ಬೇಕಂತಲೇ ನನ್ನ ಜೀವ ಹಿಂಡ್ತೀಯಾ?"

ಅಕ್ಕ ಹುರುಳಿಕಾಯಿಯ ನಾರು ತೆಗೆದು ಬದಿಗಿಟ್ಟಳು. "ಸುಸ್ತಾಗಿದೆ ಪುಟ್ಟೀ. ನಾಳೆ ಹೇಳ್ತೀನಿ ಬಿಡು."

ಈ ನಾಳೆ ಎಷ್ಟು ದಿನವಾದರೂ ಬರಲಿಲ್ಲ. ಟೀಚರಮ್ಮನಿಗೆ ರೇಗಿಹೋಗುತ್ತಿತ್ತು. ಇವಳಿಗೇನು, ಬಟ್ಟೆಕೋಣೆಯ ಅರ್ಥ ಗೊತ್ತಿಲ್ಲವೇ? ಕಿಟಕಿಯಿಲ್ಲದ ಕೋಣೆ, ಬ್ಲೀಚಿನ ಘಾಟು, ಮೇಲಧಿಕಾರಿಗಳಿಗೆ ಬೇಡವಾದವರನ್ನೆಲ್ಲ ತಳ್ಳುವ ಜಾಗ. ಇಷ್ಟು ವರ್ಷ ಮರ್ಯಾದೆಯಿಂದ ದುಡಿದವಳು ಕೊನೆಗಾಲದಲ್ಲಿ ಅಲ್ಲಿಗೆ ಹೋಗಬೇಕೇ? ಎಲ್ಲರೂ ಆಡಿಕೊಂಡು ನಗುವುದಿಲ್ಲವೇ? ಅಕ್ಕನಿಗಾಗಿಯೇ ತಾನು ಇಷ್ಟು ಒದ್ದಾಡುತ್ತಿದ್ದೇನೆ ಎಂದು ಟೀಚರಮ್ಮ ಮನಸಾರೆ ನಂಬಿದ್ದಳು. ಅರ್ಧ ನಿಜವೂ ಹೌದು. ಇನ್ನರ್ಧ ಕಾಂಟ್ರಾಕ್ಟು.

ಪರೀಕ್ಷೆ ಸೂಪರಿಂಟೆಂಡೆಂಟರ ಕೋಣೆಯಲ್ಲೇ ನಡೆಯಿತು. ದೊಡ್ಡ ಮೇಜು, ಅದರ ಮೇಲೊಂದು ಕಂಪ್ಯೂಟರ್, ಬದಿಯಲ್ಲಿ ಟೀಚರಮ್ಮನಿಗೊಂದು ಕುರ್ಚಿ. ಅವಳು ಪ್ರಶ್ನೆ ಕೇಳಬೇಕು, ಸಾಹೇಬರು ಅಂಕ ಹಾಕಬೇಕು. ಸಾಹೇಬರ ಒಂದು ಕಿವಿ ಫೋನಿಗೆ ಅಂಟಿಕೊಂಡಿತ್ತು, ಇನ್ನೊಂದು ಕಿವಿಯಲ್ಲಿ ಬೆರಳಿತ್ತು. ಅಂಕಗಳು ಹೇಗೋ ಬೀಳುತ್ತಿದ್ದವು.

ಮೊದಲು ಬಂದ ಡ್ರೈವರ್ ಎದೆಯುಬ್ಬಿಸಿ ನಿಂತು ಎಲ್ಲವನ್ನೂ ಗಟ್ಟಿಯಾಗಿ ಕೂಗಿ ಹೇಳಿದ. ಕೇಳದೇ ಇದ್ದದ್ದನ್ನೂ ಹೇಳಿದ. "ಆಯ್ತು ಸಾಕು ಹೋಗಯ್ಯ, ಕಿವಿ ತೂತು ಮಾಡ್ಬೇಡ," ಎಂದರು ಸಾಹೇಬರು. ಪಾಸು. ಅವನ ಹಿಂದೆ ಎಕ್ಸ್‌ರೇ ಕೋಣೆಯಾಕೆ ಬಂದಳು. ತೊದಲಿ, ಬೆವರಿ, ಅಂತೂ ಇಂತೂ ದಡ ಸೇರಿದಳು.

ಆಮೇಲೆ ಅಕ್ಕ. ನೀಲಿ ಕೋಟು ಹಾಕಿಕೊಂಡೇ ಬಂದಿದ್ದಳು. ಕೌಂಟರಿಗೆ ಬೀಗ ಹಾಕಿ ಎದ್ದು ಬಂದದ್ದು. ಬಾಗಿಲ ಆಚೆ ಯಾರೋ "ಎಷ್ಟೊತ್ತಾಗುತ್ತೆ ಅಮ್ಮಾ?" ಎಂದು ಕೇಳಿದ್ದು ಒಳಗೂ ಕೇಳಿಸಿತು.

"ನಮಸ್ಕಾರ, ಕೂತ್ಕೊಳ್ಳಿ," ಎಂದಳು ಟೀಚರಮ್ಮ. ಬೆಳಿಗ್ಗೆಯಷ್ಟೇ ಒಂದೇ ಬಚ್ಚಲಿಗೆ ಜಗಳಾಡಿದ ಅಕ್ಕನಿಗೆ ಬಹುವಚನ ಹಚ್ಚುವಾಗ ಅವಳಿಗೆ ಮುಜುಗರವಾಯಿತು. ಸುಲಭದಿಂದಲೇ ಶುರುಮಾಡಿದಳು. ಮೌಸ್ ಮುಟ್ಟಿ ತೋರಿಸಿದಳು. "ಇದೇನು ಹೇಳಿ?"

"ಕೀಬೋರ್ಡ್."

"ಇದು?"

"ಮೌಸ್," ಎಂದಳು ಅಕ್ಕ, ಕೀಬೋರ್ಡನ್ನು ನೋಡುತ್ತ.

ಟೀಚರಮ್ಮ ಹಲ್ಲು ಕಚ್ಚಿ ಹಿಡಿದಳು. "ಗಾಬರಿ ಆಗ್ಬೇಡಿ. ಬೇಡವಾದದ್ದನ್ನ ಅಳಿಸೋಕೆ ಯಾವ ಕೀ?"

"ಎಂಟರ್."

"ಪುಟ ತೆರೆಯೋಕೆ ಬೇಕಾದ ಗುಟ್ಟಿನ ಪದ? ದಿನಾ ಬೆಳಿಗ್ಗೆ ಹಾಕ್ತೀರಲ್ಲ?"

"ಫೋಲ್ಡರ್."

"ಇಟ್ಟಿದ್ದನ್ನ ಸೇರಿಸಿಡೋದು?"

"ಪಾಸ್‌ವರ್ಡ್."

ಇಲ್ಲಿ ಟೀಚರಮ್ಮನ ಕೈ ಸುಮ್ಮನೆ ನಿಂತಿತು. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ನೋಡುತ್ತಿದ್ದುದು ಗೋಡೆಯನ್ನು. ಗಾಬರಿಯಿಲ್ಲ, ಬೆವರಿಲ್ಲ, ಕ್ಲಾಸಿನಲ್ಲಿ ತೋರಿಸುವ ಆ ಪೆಚ್ಚುನಗೆಯೂ ಇಲ್ಲ. ಟೀಚರಮ್ಮ ಎಷ್ಟೋ ದಡ್ಡರನ್ನು ಕಂಡವಳು; ದಡ್ಡತನದ ನಡೆನುಡಿ ಅವಳಿಗೆ ಅಂಗೈ ಮೇಲಿನ ಗೆರೆ. ಗೊತ್ತಿಲ್ಲದವರು ಗೊತ್ತಿಲ್ಲ ಅನ್ನುತ್ತಾರೆ. ಇಲ್ಲವಾದರೆ ಬಾಯಿಗೆ ಬಂದದ್ದನ್ನು ಒದರುತ್ತಾರೆ, ಆಗ ಕುರುಡು ಏಟಿಗೆ ಒಂದೆರಡಾದರೂ ತಾಗುತ್ತವೆ. ಹೀಗೆ ಒಂದನ್ನೂ ಬಿಡದೆ ತಪ್ಪು ಹೇಳಬೇಕಾದರೆ ಎಲ್ಲವೂ ಸರಿಯಾಗಿ ಗೊತ್ತಿರಬೇಕು.

ಸಾಹೇಬರು ಫೋನಿನಲ್ಲಿ ಯಾರಿಗೋ "ಹಾಗಲ್ಲ, ಹಾಗಲ್ಲ, ನೀವು ಮೊದಲು ನನ್ನ ಮಾತು ಕೇಳಿ" ಎನ್ನುತ್ತಿದ್ದರು.

"ಸರ್, ಇವರು ಸ್ವಲ್ಪ ಹೆದರಿದಾರೆ. ನೀರು ಕುಡಿಸಿ ಕರ್ಕೊಂಡು ಬರ್ತೀನಿ."

ಸಾಹೇಬರು ಬೆರಳಾಡಿಸಿ ಹೋಗಿ ಎಂದರು.

ಮೆಟ್ಟಿಲ ತಿರುವಿನಲ್ಲಿ ಕುಡಿಯುವ ನೀರಿನ ಯಂತ್ರವಿತ್ತು. ಅಲ್ಲಿ ಯಾರೂ ಇರಲಿಲ್ಲ. ಟೀಚರಮ್ಮ ಅಕ್ಕನ ರಟ್ಟೆ ಹಿಡಿದು ನಿಲ್ಲಿಸಿದಳು.

"ನಿನಗೆ ಎಲ್ಲಾ ಗೊತ್ತು."

ಅಕ್ಕ ಲೋಟಕ್ಕೆ ನೀರು ಹಿಡಿದಳು.

"ನಾಟಕ ಮಾಡ್ತಿದೀಯಾ? ಇಷ್ಟು ದಿನ ನನ್ನ ಮುಂದೆ ಕೂತು ನಾಟಕ ಆಡಿದ್ಯಾ? ಗಂಟಲು ಹರಿಯೋ ಹಾಗೆ ಹೇಳಿಕೊಟ್ಟೆನಲ್ಲೇ! ನನ್ನ ಕಾಂಟ್ರಾಕ್ಟು ನಿನ್ನ ಮೇಲೆ ನಿಂತಿದೆ, ಗೊತ್ತಾ? ಮನೆಯವರೇ ಫೇಲಾದ್ರೆ ನಿಮ್ಮನ್ನ ಯಾಕೆ ಇಟ್ಕೋಬೇಕು ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದಾರೆ!"

ಅಕ್ಕನ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಇದನ್ನ ನನಗ್ಯಾಕೆ ಮೊದಲೇ ಹೇಳ್ಲಿಲ್ಲ?"

"ನೀನು ನನಗೆ ಹೇಳಿದ್ಯಾ?"

ಕೆಳಗಿನಿಂದ ಸಾಲಿನ ಗಲಾಟೆ ಮೇಲೆ ಬರುತ್ತಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು, ಕೋಟು ಕೊಳೆಯಾಗುತ್ತದೆಂದೂ ನೋಡಲಿಲ್ಲ.

"ಬಟ್ಟೆಕೋಣೆಗೆ ಹಾಕಿ ಅಂತ ಸಾಹೇಬ್ರನ್ನ ನಾನೇ ಕೇಳ್ಕೊಂಡಿದ್ದೆ. ಒಂದಲ್ಲ, ಎರಡು ಸಲ. 'ಕೌಂಟರ್ ಯಾರು ನೋಡ್ಕೋತಾರೆ, ನಿಮ್ಮಂಥವರು ಇನ್ನೊಬ್ಬರಿಲ್ಲ' ಅಂತ ಹೊಗಳಿ ಕಳಿಸಿದ್ರು. ಫೇಲಾದ್ರೆ ಹಾಕ್ತಾರೆ ಅಂತ ಆದೇಶ ಬಂತಲ್ಲ, ಅವತ್ತು ನನಗೆ ಎಷ್ಟು ಖುಷಿ ಆಯ್ತು ಅಂದ್ರೆ... ಅವತ್ತು ಮನೆಗೆ ನಡ್ಕೊಂಡೇ ಬಂದೆ, ಬಸ್ಸು ಹತ್ತೋದು ಮರೆತುಬಿಟ್ಟು."

"ಆ ನೆಲಮಾಳಿಗೆಯಲ್ಲಿ ಏನಿದೆ ಅಕ್ಕಾ ನಿನಗೆ?"

"ಚಾದರ ಇದೆ. ಚಾದರ ಏನೂ ಕೇಳಲ್ಲ." ಅಕ್ಕ ಲೋಟವನ್ನು ಪಕ್ಕಕ್ಕಿಟ್ಟಳು. "ಪದಗಳನ್ನ ಕಲಿಸ್ತೀನಿ ಅಂತೀಯಲ್ಲ, ಆ ಪದಗಳನ್ನ ಬಿಟ್ಟು ನಾನು ಬೇರೆ ಏನು ಮಾತಾಡ್ತೀನಿ ಹೇಳು? ಸರ್ವರ್ ಡೌನ್. ಸಿಸ್ಟಂ ಹ್ಯಾಂಗ್. ಎರರ್ ಬರ್ತಿದೆ. ಎಂಟ್ರಿ ಆಗ್ತಿಲ್ಲ. ಬೆಳಗಿಂದ ಸಂಜೆವರೆಗೆ ಇದೇ. ಮೊದಲು ಹಾಗಿರ್ಲಿಲ್ಲ. ಬಂದವರ ಮುಖ ನೋಡ್ತಿದ್ದೆ. ಮಗುಗೆ ಜ್ವರ ಬಿಡ್ತಾ, ಊಟ ಮಾಡ್ತಾಳಾ, ಅಂತ ಏನೋ ಒಂದು ಮಾತು ಬರ್ತಿತ್ತು. ಈಗ ಸ್ಕ್ರೀನ್ ಬಿಟ್ಟು ಕಣ್ಣು ಎತ್ತೋ ಹಾಗಿಲ್ಲ, ಎತ್ತಿದ್ರೆ ಸಾಲು ನಿಲ್ಲುತ್ತೆ."

"ಎಲ್ಲರಿಗೂ ಸುಸ್ತಾಗುತ್ತೆ. ನನಗಾಗಲ್ವಾ?"

"ಆಗುತ್ತೆ. ಇದು ಸುಸ್ತಲ್ಲ, ಕೇಳು." ಅಕ್ಕ ಕೋಟಿನ ಗುಂಡಿ ತಿರುವಿದಳು. "ಒಬ್ಬ ಬಂದ. ಕೈಯಲ್ಲಿ ಔಷಧಿ ಚೀಲ. 'ಉಳಿದುಬಿಟ್ಟಿದೆ ಅಮ್ಮಾ, ಸೀಲೂ ಒಡೆದಿಲ್ಲ, ಬೇರೆ ಯಾರಿಗಾದ್ರೂ ಕೊಡಿ' ಅಂದ. ದುಡ್ಡು ವಾಪಸ್ ಬೇಕು ಅಂತಾನೂ ಕೇಳ್ಲಿಲ್ಲ. ನಾನು ನಂಬರ್ ಹಾಕ್ದೆ. 'ರಿಟರ್ನ್ ಆಪ್ಷನ್ ಬರ್ತಿಲ್ಲ, ನಿಮ್ಮ ಪೇಷಂಟ್ ಇನಾಕ್ಟಿವ್ ಅಂತ ತೋರಿಸ್ತಿದೆ' ಅಂದೆ. 'ಹಾಗಂದ್ರೆ ಏನಮ್ಮಾ?' ಅಂದ. ಹಾಗಂದ್ರೆ, ಅಂತ ಹೇಳೋಕೆ ಬಾಯಿ ತೆಗೆದು, ಆಗ ತಲೆ ಎತ್ತಿ ನೋಡ್ದೆ. ಅವನ ಹೆಂಡತಿನ ನಾನು ಬಲ್ಲೆ ಪುಟ್ಟೀ. ಪ್ರತಿ ತಿಂಗಳೂ ಅವಳೇ ಬಂದು ಔಷಧಿ ತಗೊಂಡು ಹೋಗ್ತಿದ್ಲು. ನನ್ನ ಕೋಟಿನ ಗುಂಡಿ ಕಿತ್ತುಹೋಗಿದ್ದಾಗ ಕಿಂಡಿಯ ಒಳಗೆ ಕೈ ಹಾಕಿ ಪಿನ್ನು ಕೊಟ್ಟಿದ್ಲು. ಅವತ್ತು ಬೆಳಿಗ್ಗೆ ಹೋಗಿಬಿಟ್ಟಿದ್ಲು. ಅವನ ಮುಖ ನೋಡಿ ಒಂದು ಮಾತು ಹೇಳಬೇಕಿತ್ತು. ಎಂಥದಾದ್ರೂ ಒಂದು ಮಾತು. ಹುಡುಕಿದೆ ಕಣೇ, ಬರ್ಲಿಲ್ಲ. ನನ್ನ ಬಾಯಲ್ಲಿ ಬಂದಿದ್ದು 'ನೆಕ್ಸ್ಟ್'."

ಟೀಚರಮ್ಮನಿಗೆ ಅಕ್ಕನ ಪಕ್ಕ ಕೂತುಕೊಳ್ಳಬೇಕು ಅನ್ನಿಸಿತು. ಕೂರಲಿಲ್ಲ. ಒಳಗೊಳಗೇ ಕಾಂಟ್ರಾಕ್ಟು ಇನ್ನೂ ಕುಟುಕುತ್ತಿತ್ತು, ಮತ್ತು ಹಾಗೆ ಕುಟುಕುತ್ತಿದೆಯಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಅಕ್ಕ ಕೈಯೂರಿ ಎದ್ದಳು, ಕೋಟಿನ ಹಿಂಭಾಗ ಝಾಡಿಸಿಕೊಂಡಳು. "ಆಯ್ತು ನಡಿ. ಸರಿಯಾಗೇ ಹೇಳ್ತೀನಿ."

"ಅಕ್ಕಾ..."

"ನಿನ್ನ ಕೆಲಸದ ವಿಷಯ ಗೊತ್ತಿದ್ರೆ ನಾನು ಹೀಗೆ ಮಾಡ್ತಿರ್ಲಿಲ್ಲ. ಇಷ್ಟು ವರ್ಷ ಮಾಡಿದೀನಿ, ಇನ್ನೊಂದಷ್ಟು ವರ್ಷ ಮಾಡ್ತೀನಿ. ಸತ್ತುಹೋಗ್ತೀನಾ? ನಡಿ, ಸಾಹೇಬ್ರು ಕಾಯ್ತಿರ್ತಾರೆ."

ಇದನ್ನು ಅವಳು ಬೇಜಾರಿನಿಂದ ಹೇಳಿದ್ದರೆ ಟೀಚರಮ್ಮನಿಗೆ ಹಗುರವಾಗುತ್ತಿತ್ತು. ಅವಳು ಕಿಂಡಿಯ ಹಿಂದಿನಿಂದ ಹೇಳುವ ದನಿಯಲ್ಲೇ ಹೇಳಿದಳು, ಏರಿಲ್ಲ ಇಳಿವಿಲ್ಲ. ಹೇಳಿ ಮುಂದೆ ಮುಂದೆ ನಡೆದಳು. ಟೀಚರಮ್ಮ ಹಿಂದೆ ಹಿಂದೆ ಬಂದಳು. ಕೆಲಸ ಉಳಿಯಿತು ಎಂದು ಅವಳಿಗೆ ಸಮಾಧಾನವಾದದ್ದೂ ನಿಜ. ಆ ಸಮಾಧಾನ ಬಾಗಿಲವರೆಗಷ್ಟೇ ಬಾಳಿತು.

ಒಳಗೆ ಸಾಹೇಬರ ಫೋನು ಮುಗಿದಿತ್ತು. ಎದುರಿಗಿದ್ದ ಹಾಳೆ ನೋಡಿ ಹುಬ್ಬು ಗಂಟಿಕ್ಕಿದ್ದರು. "ಏನಮ್ಮ ಇದು, ಒಂದಾದ್ರೂ ಸರಿ ಹೇಳಿದ ಹಾಗೆ ಕಾಣ್ತಿಲ್ಲ? ನೋಡಿ, ನನಗೆ ಔಷಧಿ ಕೌಂಟರ್ ನಡೀಬೇಕು. ಪದ ಗಿದ ಎಲ್ಲ ಆಮೇಲೆ. ಇದೊಂದು ಹೇಳಿಬಿಡಿ, ಮಿಕ್ಕಿದ್ದನ್ನ ನಾನು ನೋಡ್ಕೋತೀನಿ." ಅವರು ಪಕ್ಕದ ಸ್ಟೂಲಿನ ಮೇಲಿದ್ದ ಪ್ರಿಂಟರಿನ ಬೆನ್ನು ತಟ್ಟಿದರು. "ಇದೇನು?"

ಎಂಥ ಪ್ರಶ್ನೆ! ಬೀದಿಯಲ್ಲಿ ಹೋಗುವ ಮಕ್ಕಳೂ ಹೇಳಿಯಾರು. ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ತಂಗಿಯ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ, ಕೋಪವಿರಲಿಲ್ಲ. ಮಾಡಿಬಿಡುತ್ತೇನೆ, ನೀನು ಹೆದರಬೇಡ, ಅಷ್ಟೇ ಇತ್ತು. ಆಮೇಲೆ ಅವಳು ಸಾಹೇಬರ ಕಡೆ ತಿರುಗಿ ಬಾಯಿ ತೆರೆದಳು.

"ಬಿಡಿ ಸರ್," ಎಂದಳು ಟೀಚರಮ್ಮ. ದನಿ ತನ್ನದಲ್ಲವೇನೋ ಎನ್ನುವಷ್ಟು ಗಟ್ಟಿಯಾಗಿತ್ತು. "ಅವರಿಗೆ ಬರಲ್ಲ."

"ಹೇಳೋಕೆ ಬಿಡಿ ಮೇಡಂ, ಹೇಳ್ತಿದಾರೆ."

"ಇಲ್ಲ ಸರ್. ಮನೇಲಿ ದಿನಾ ಕೂರಿಸಿಕೊಂಡು ನೋಡಿದೀನಿ. ಬರಲ್ಲ. ನನಗೆ ಕಲಿಸೋಕೆ ಆಗ್ಲಿಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. "ಯೋಚನೆ ಮಾಡಿ ಮಾತಾಡ್ತಿದೀರಾ? ನಾನು ಹೀಗಂತ ಬರೆದ್ರೆ ಇವರು ನೆಲಮಾಳಿಗೆಗೆ. ನಿಮ್ಮದೂ ಈ ತಿಂಗಳಿಗೆ ಮುಗೀತು."

"ಬರೀರಿ ಸರ್."

"ಪುಟ್ಟೀ," ಎಂದಳು ಅಕ್ಕ, ಸಾಹೇಬರಿದ್ದಾರೆ ಎನ್ನುವುದನ್ನೂ ಮರೆತು.

ಟೀಚರಮ್ಮ ಅವಳ ಮುಖ ನೋಡಲಿಲ್ಲ. ನೋಡಿದರೆ ಅಳು ಬಂದುಬಿಡುತ್ತದೆ ಎಂದು ಗೊತ್ತಿತ್ತು. "ನಿಮ್ಮದು ಆಯ್ತು, ನೀವು ಹೊರಗೆ ಕೂತಿರಿ," ಎಂದಳು. "ಮುಂದಿನವರನ್ನ ಕಳಿಸಿ."

ಉಳಿದವರ ಪರೀಕ್ಷೆ ಹೇಗೆ ಮುಗಿಯಿತೋ ಅವಳಿಗೆ ನೆನಪಿಲ್ಲ. ಕೇಳಿದಳು, ಅವರು ಹೇಳಿದರು, ಸಾಹೇಬರು ಮುಖ ಗಂಟಿಕ್ಕಿಕೊಂಡು ಅಂಕ ಹಾಕಿದರು. ಎಲ್ಲ ಆದಮೇಲೆ ಕೈಚೀಲ ಎತ್ತಿಕೊಂಡು ಹೊರಗೆ ಬಂದಳು.

ಪಡಸಾಲೆಯ ಬೆಂಚಿನ ಮೇಲೆ ಅಕ್ಕ ನಿದ್ದೆಹೋಗಿದ್ದಳು. ಕೂತಲ್ಲೇ, ತಲೆಯನ್ನು ಗೋಡೆಗೆ ಒರಗಿಸಿ, ಬಾಯಿ ಸ್ವಲ್ಪ ತೆರೆದುಕೊಂಡು. ಜನ ಓಡಾಡುತ್ತಿದ್ದರು, ಬಕೆಟ್ಟು ಸದ್ದು ಮಾಡುತ್ತಿತ್ತು, ಯಾವುದೋ ಮಗು ಕಿರುಚುತ್ತಿತ್ತು. ಅವಳಿಗೆ ಯಾವುದರ ಪರಿವೆಯೂ ಇರಲಿಲ್ಲ. ಹಗಲು ಹೊತ್ತಿನಲ್ಲಿ ಅಕ್ಕ ಮಲಗಿದ್ದನ್ನು ತಂಗಿ ಎಂದೂ ಕಂಡಿರಲಿಲ್ಲ.

ವಾರ್ಡಿನ ಆಯಾ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. "ಇಲ್ಲಿದಾರಾ ಇವರು! ಕೆಳಗೆ ಔಷಧಿಗೆ ಜನ ಕಿತ್ತಾಡ್ತಿದಾರೆ, ಎಬ್ಬಿಸಿ ಮೇಡಂ ಬೇಗ."

"ಎಬ್ಬಿಸಬೇಡ," ಎಂದಳು ಟೀಚರಮ್ಮ. "ಸಾಹೇಬರಿಗೆ ಹೇಳು, ಬೇರೆ ಯಾರನ್ನಾದ್ರೂ ಕಳಿಸ್ತಾರೆ. ಇವರು ಇನ್ನು ಕೌಂಟರಿಗೆ ಬರಲ್ಲ."

ಆಯಾ ಗೊಣಗುತ್ತ ಹೋದಳು. ಟೀಚರಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ಪಕ್ಕದಲ್ಲಿ ಕೂತಳು. ನಾಳೆಯಿಂದ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ತಾನಾಗಿ ಏಳುವವರೆಗೂ ಅಲ್ಲೇ ಕೂತಿದ್ದಳು.